ಹಂಪಿಯ ದಾರಿಯಲ್ಲಿರುವ ಊರುಗಳು: ಉಪಾಧ್ಯಾಯ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉಪಾಧ್ಯಾಯರೇ, ಉಪಾಧ್ಯಾಯಿನಿಯರೇ,



ವರ್ಷಂಪ್ರತಿ ಕಾರ್ತಿಕ ಕಳೆದು ಚಳಿ ಕಾಲೂರುವ ಹೊತ್ತಿಗೆ ತಮ್ಮ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಏಳುತ್ತದೆ. ಮಕ್ಕಳಿಂದ ಹಣ ಕೂಡಿಸುವುದು, ಪಾಲಕರ ಒಪ್ಪಿಗೆಯ ಚೀಟಿಗೆ ರುಜು ಹಾಕಿಸುವುದು, ಬಸ್ಸಿನವನೊಡನೆ ಬಾಡಿಗೆಯ ಚೌಕಾಸಿ, ಇಲಾಖೆಯ ಅನುಮತಿಗಾಗಿ ಅಲೆದಾಟ, ಇವಿಷ್ಟನ್ನೂ ಪಾಠಪ್ರವಚನಗಳ ನಡುವೆಯೇ ನಿಭಾಯಿಸಿ, ಹೊರಟ ಮಕ್ಕಳನ್ನೆಲ್ಲ ಮತ್ತೆ ಮತ್ತೆ ಎಣಿಸಿಕೊಂಡು, ಕೊನೆಯ ಮಗುವನ್ನು ಅದರ ತಾಯಿಯ ಕೈಗೆ ಒಪ್ಪಿಸುವವರೆಗೆ ತಾವು ಪಡತಕ್ಕ ಆತಂಕವೇನೆಂಬುದನ್ನು ನಾನು ಬಲ್ಲೆ. ಆಯುಷ್ಯದ ಬಹುಭಾಗವನ್ನು ಇದೇ ವೃತ್ತಿಯಲ್ಲಿ ಸವೆಸಿ ಈಗ ಗದಗು ಸೀಮೆಯಲ್ಲಿ ವಿಶ್ರಾಂತನಾಗಿರುವವನು ನಾನು. ಆದಕಾರಣ ಈ ಪತ್ರವನ್ನು ಹೊರಗಿನವನೊಬ್ಬನ ಉಪದೇಶವೆಂದು ಎಣಿಸದೆ, ಒಂದೇ ನೊಗಕ್ಕೆ ಹೆಗಲು ಕೊಟ್ಟವನ ಬಿನ್ನಹವೆಂದು ಸಾವಧಾನದಿಂದ ಓದಬೇಕಾಗಿ ಕೋರುತ್ತೇನೆ.

ಬಿನ್ನಹ ದೊಡ್ಡದೇನಲ್ಲ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಕಾರವಾರಗಳ ಕಡೆಯಿಂದ ಹಂಪಿಗೆಂದು ಮಕ್ಕಳನ್ನು ಕರೆದೊಯ್ಯುವ ತಾವು, ಅಣ್ಣಿಗೇರಿ, ಗದಗು, ಲಕ್ಕುಂಡಿ, ಕೊಪ್ಪಳಗಳನ್ನು ಹಾದುಹೋಗುವ ಆ ದಾರಿಯನ್ನು ನಿದ್ದೆಯಲ್ಲಿ ದಾಟಿಸುವ ರೂಢಿಯನ್ನು ಒಂದು ವರ್ಷದ ಮಟ್ಟಿಗಾದರೂ ಬಿಟ್ಟು, ಆ ದಾರಿಯನ್ನೇ ಪ್ರವಾಸವಾಗಿ ಮಾಡಿಕೊಳ್ಳಬೇಕೆಂಬುದು ನನ್ನ ಪ್ರಾರ್ಥನೆ.

ಲಕ್ಕುಂಡಿಯಲ್ಲಿ ಹೆದ್ದಾರಿಯ ಮಗ್ಗುಲಿನ ಚಹದಂಗಡಿಯ ಕಟ್ಟೆಯ ಮೇಲೆ ಕುಳಿತವನಿಗೆ ಡಿಸೆಂಬರ್ ತಿಂಗಳ ಬೆಳಗುಗಳಲ್ಲಿ ತಮ್ಮ ಬಸ್ಸುಗಳು ಒಂದರ ಹಿಂದೊಂದು ಹಾಯುವುದು ಕಾಣುತ್ತದೆ. ಮುಂದಿನ ಗಾಜಿನ ಕೆಳಗೆ ಶಾಲೆಯ ಹೆಸರು ಬರೆದ ಬಟ್ಟೆ, ಒಳಗೆ ಕಿಟಕಿಗೆ ತಲೆಯಾನಿಸಿ ಮಲಗಿದ ಮಕ್ಕಳು, ಬಾಗಿಲ ಬಳಿಯಲ್ಲಿ ಮಫ್ಲರು ಸುತ್ತಿಕೊಂಡು ಎಚ್ಚರವಾಗಿ ಕುಳಿತ ಒಬ್ಬ ಮಾಸ್ತರರು. ಬಸ್ಸು ನಿಲ್ಲುವುದುಂಟು, ಚಹಕ್ಕಾಗಿ. ಹತ್ತು ನಿಮಿಷಗಳ ತರುವಾಯ ಅದು ಹೊರಟುಹೋಗುತ್ತದೆ. ಸಾವಿರ ವರ್ಷಗಳ ಹಿಂದೆ ಒಬ್ಬ ಮಹಾತಾಯಿ ಕಟ್ಟಿಸಿದ ಬಸದಿ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿದೆಯೆಂಬುದು ಒಳಗಿದ್ದ ಮಕ್ಕಳಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ಕೇಳಿದರೆ, ‘ಹಂಪಿಯನ್ನು ಮುಗಿಸಿ ಸಂಜೆಯೊಳಗೆ ಡ್ಯಾಮು ತಲುಪಬೇಕು, ಸಂಗೀತ ಕಾರಂಜಿ ತಪ್ಪಿದರೆ ಹುಡುಗರು ಬಿಡುವುದಿಲ್ಲ’ ಎಂದು ಉತ್ತರ ಬರುತ್ತದೆ. ಕಾರಂಜಿಯ ಮೇಲೆ ನನಗೆ ಸಿಟ್ಟಿಲ್ಲ. ಹಂಪಿಯ ಮೇಲಂತೂ ಇರಲು ಸಾಧ್ಯವೇ ಇಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರುವ ಎಷ್ಟೋ ಮೊದಲೇ ಅದು ನಮ್ಮ ಮನಸ್ಸಿನ ರಾಜಧಾನಿಯಾಗಿದ್ದಿತು. ಆದರೆ ಮಕ್ಕಳು ಅಲ್ಲಿ ಕಾಣುವುದು ಏನನ್ನು? ವಿರೂಪಾಕ್ಷನ ಗೋಪುರದಿಂದ ಕಲ್ಲಿನ ರಥದವರೆಗೆ ಮುಂದಿನವನ ಬೆನ್ನನ್ನು. ರಥದ ಮುಂದೆ, ಬೇರೆ ಶಾಲೆಯವರು ಫೋಟೋ ತೆಗೆಸಿಕೊಂಡು ಸರಿಯುವವರೆಗೆ ಸರದಿಯ ಸಾಲನ್ನು. ಸೀಟಿಯ ಸದ್ದಿಗೆ ಓಡುವುದೇ ಅವರ ಪಾಲಿಗೆ ಬಂದ ಇತಿಹಾಸ. ಅಷ್ಟು ವಿಸ್ತಾರವಾದ ನಗರವನ್ನು ನೋಡುವ ಕಣ್ಣು ಮೊದಲು ಒಂದು ಚಿಕ್ಕ ಊರಿನಲ್ಲಿ ಪಳಗಬೇಕೆಂಬುದು ನನ್ನ ದೃಢವಾದ ನಂಬಿಕೆ.

ಕವಿರಾಜಮಾರ್ಗವು ಕನ್ನಡದ ಸಾರಭೂತವಾದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆಂದು ತಾವೇ ತರಗತಿಯಲ್ಲಿ ಹೇಳಿಕೊಟ್ಟಿದ್ದೀರಿ. ಆ ಸೀಮೆಯನ್ನು ಸೀಳಿಕೊಂಡು ಹೋಗುವ ದಾರಿಯಿದು. ಹುಬ್ಬಳ್ಳಿಯನ್ನು ಬಿಟ್ಟ ಸ್ವಲ್ಪ ಹೊತ್ತಿಗೇ ಅಣ್ಣಿಗೇರಿ ಸಿಕ್ಕುತ್ತದೆ: ಪಂಪನ ತಾಯಿ ಅಬ್ಬಣಬ್ಬೆಯ ಮನೆತನದ ಊರು, ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರನ ಗುಡಿ ಪೇಟೆಯ ಗದ್ದಲದ ನಡುವೆಯೇ ಇದೆ. ಗದಗಿನಲ್ಲಿ ವೀರನಾರಾಯಣನ ಸನ್ನಿಧಿ, ಕೋಳಿವಾಡದ ನಾರಣಪ್ಪ ಭಾರತವನ್ನು ಬರೆದ ಸ್ಥಳವೆಂದು ಪರಂಪರೆಯಾಗಿ ನಂಬಿದ ಜಾಗ. ಅದೇ ಊರಿನ ಇನ್ನೊಂದು ಕಡೆಗೆ ತ್ರಿಕೂಟೇಶ್ವರ. ಇವೆರಡು ಊರುಗಳಲ್ಲಿ ಬಹಳ ತಡೆಯಬೇಕೆಂದು ನಾನು ಹೇಳುವುದಿಲ್ಲ. ಲಕ್ಕುಂಡಿಯಲ್ಲಿ ಮಾತ್ರ ದಯವಿಟ್ಟು ಬಸ್ಸಿನ ಎಂಜಿನನ್ನು ಆರಿಸಿರಿ.

ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಈ ಊರು ಶಾಸನಗಳ ಲೊಕ್ಕಿಗುಂಡಿ. 12ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣರನ್ನು ಹಿಮ್ಮೆಟ್ಟಿಸಿ ಇಲ್ಲಿ ತನ್ನ ಬೀಡನ್ನು ಹೂಡಿದ್ದನು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುತ್ತಾರೆ. ಲೆಕ್ಕ ಸರಿಯೋ ತಪ್ಪೋ, ಒಂದು ಓಣಿಯಿಂದ ಇನ್ನೊಂದು ಓಣಿಗೆ ತಿರುಗುವಷ್ಟರಲ್ಲಿ ಗುಡಿಯೊಂದು ಎದುರಾಗುವುದಂತೂ ನಿಜ, ಅದರ ಪಕ್ಕದ ಮನೆಯ ಅಂಗಳದಲ್ಲಿ ಎಮ್ಮೆ ಕಟ್ಟಿರುವುದೂ ನಿಜ. ಕಾಶಿವಿಶ್ವೇಶ್ವರನ ಗುಡಿಯಲ್ಲಿ ಶಿವನ ಗರ್ಭಗೃಹಕ್ಕೆ ಎದುರಾಗಿ, ಒಂದೇ ಜಗತಿಯ ಮೇಲೆ, ಸೂರ್ಯನಿಗೊಂದು ಚಿಕ್ಕ ಗುಡಿಯಿದೆ. ಬಾದಾಮಿ ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಶಿಲ್ಪಿಗಳು ಇಲ್ಲಿ ಬಳಪದ ಕಲ್ಲನ್ನು ಹಿಡಿದಿದ್ದಾರೆ. ಹಿಂದಿನ ಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯ, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುವ ಕಲ್ಲು. ಬಾಗಿಲುವಾಡದ ಪಟ್ಟಿಕೆಗಳನ್ನು ಹತ್ತಿರದಿಂದ ನೋಡಿದರೆ ಬಳ್ಳಿಯ ಎಲೆಯ ಹಿಂಬದಿಯಿಂದಲೂ ಉಳಿ ಹಾಯ್ದಿರುವುದು, ಸುರುಳಿಗೂ ಗೋಡೆಗೂ ನಡುವೆ ಬೆಳಕು ನುಸುಳುವಷ್ಟು ತೆರಪು ಬಿಟ್ಟಿರುವುದು ಕಾಣುತ್ತದೆ. ಕಂಬಗಳ ಮೈಮೇಲಿನ ಬಳೆಗಳಂತಿರುವ ಏಣುಗಳನ್ನು ತೋರಿಸಿ, ಮನುಷ್ಯನ ಎತ್ತರಕ್ಕೂ ಮೀರಿದ ಈ ಕಲ್ಲನ್ನು ತಿರುಗಣೆಗೆ ಹಚ್ಚಿ ತಿರುಗಿಸಿದ್ದು ಹೇಗೆ, ಅದನ್ನು ತಿರುಗಿಸಿದವರು ಯಾರು, ಉಳಿಯನ್ನು ಹಿಡಿದವನು ಎಲ್ಲಿ ನಿಂತಿದ್ದನು ಎಂದು ಮಕ್ಕಳನ್ನು ಕೇಳಿರಿ. ಉತ್ತರವನ್ನು ತಾವು ಹೇಳಬೇಡಿರಿ.

ಬ್ರಹ್ಮಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ದಂಡನಾಯಕನಾದ ಪತಿ ನಾಗದೇವ ತೀರಿಕೊಂಡಾಗ ಅವಳ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಉಳಿದು ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತೆಗೆಯಿಸಿ ಹಂಚಿದಳು. ಇದು ನಮ್ಮ ಪುಸ್ತಕಗಳಲ್ಲಿ ಒಂದು ವಾಕ್ಯವಾಗಿ ಮುಗಿದುಹೋಗುತ್ತದೆ. ಬಸದಿಯ ಮುಂದಿನ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ, ತಮ್ಮ ಪಠ್ಯದ ಒಂದೇ ಪುಟವನ್ನು ಅಂದವಾಗಿ ನಕಲು ಮಾಡಲು ಹೇಳಿ, ಅದಕ್ಕೆ ಹಿಡಿದ ಹೊತ್ತನ್ನು ಇಡೀ ಕಾವ್ಯಕ್ಕೂ ಆಮೇಲೆ ಸಾವಿರ ಪ್ರತಿಗೂ ಗುಣಿಸಲು ಹೇಳಿದರೆ, ಓಲೆಗರಿಯ ಮೇಲೆ ಕಂಠದಿಂದ ಕೊರೆದ ಆ ಲಿಪಿಕಾರರ ಬೆನ್ನುನೋವು ಅವರಿಗೆ ಸ್ವಲ್ಪವಾದರೂ ತಿಳಿದೀತು. ಹೀಗೆ ಮಾಡಿಸಿದ ಒಬ್ಬ ಉಪಾಧ್ಯಾಯಿನಿಯನ್ನು ನಾನು ನೋಡಿದ್ದೇನೆ. ಸಣ್ಣ ಹಳ್ಳಿಯ ಶಾಲೆ, ಒಂದೇ ಬಸ್ಸು, ಅದೂ ಸಾರಿಗೆ ಸಂಸ್ಥೆಯ ಹಳೆಯ ಬಸ್ಸು. ಬೆಳಗಿನಿಂದ ಬಿಸಿಲು ಬಾಡುವವರೆಗೆ ಅವರು ಆ ಒಂದೇ ಊರಿನಲ್ಲಿದ್ದರು. ಬಸದಿಯ ಒಳಗಿನ ಚತುರ್ಮುಖ ಬ್ರಹ್ಮನ ವಿಗ್ರಹದ ಮುಂದೆ ನಿಂತ ಒಬ್ಬ ಹುಡುಗ, ‘ಜೈನರ ಗುಡಿಯಾಗ ಬ್ರಹ್ಮ ಯಾಕ ಬಂದಾನ್ರೀ?’ ಎಂದು ಕೇಳಿದನು. ಆಕೆ ತಡವರಿಸಲಿಲ್ಲ. ‘ನನಗ ಗೊತ್ತಿಲ್ಲಪಾ, ಬರಕೊ, ಊರಿಗೆ ಹೋಗಿ ಹುಡುಕೋಣು’ ಎಂದರು. ಇತಿಹಾಸದ ಪಾಠವನ್ನು ಇಷ್ಟು ಚೆನ್ನಾಗಿ ಮಾಡಿದವರನ್ನು ನಾನು ಹೆಚ್ಚು ಮಂದಿ ಕಂಡಿಲ್ಲ.

ಮಾಣಿಕೇಶ್ವರನ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯನ್ನು ಕೊನೆಗೆ ಇಟ್ಟುಕೊಳ್ಳಿರಿ, ಏಕೆಂದರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಇಳಿಯುವ ಮೆಟ್ಟಿಲುಗಳ ನಡುನಡುವೆ ಪುಟ್ಟ ಪುಟ್ಟ ಗುಡಿಗಳ ಆಕಾರದ ಗೂಡುಗಳಿವೆ. ಮಳೆ ಚೆನ್ನಾಗಿ ಆದ ವರ್ಷ ಕೆಳಗಿನ ಸಾಲು ನೀರಿನಲ್ಲಿ ಮುಳುಗಿರುತ್ತದೆ. ಅಂಚಿನಲ್ಲಿ ಒಬ್ಬ ದೊಡ್ಡವರು ನಿಂತಿರುವುದು ಅವಶ್ಯ.

ಗಣಿತದ ಮಾಸ್ತರರಿಗೆ ನನ್ನದೊಂದು ವಿಶೇಷ ವಿಜ್ಞಾಪನೆಯುಂಟು. ಪ್ರವಾಸವೆಂದರೆ ಇತಿಹಾಸದವರ ಕೆಲಸವೆಂದು ತಾವು ಹಿಂದಿನ ಸೀಟಿನಲ್ಲಿ ಕುಳಿತುಬಿಡುವಿರಿ. ಡಂಬಳದಲ್ಲಿ ಮಾತ್ರ ತಾವು ಮುಂದೆ ಬರಬೇಕು. ಗದಗಿನಿಂದ ಮುಂಡರಗಿಯ ಕಡೆಗೆ ಸುಮಾರು 20 ಕಿಲೋಮೀಟರ್, ಕಪ್ಪತಗುಡ್ಡದ ಸಾಲು ಕಾಣುವ ಬಯಲಿನಲ್ಲಿ, ದೊಡ್ಡಬಸಪ್ಪನ ಗುಡಿಯಿದೆ. ಅದರ ಗರ್ಭಗೃಹದ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ. ಅಡಿಪಾಯದಿಂದ ಶಿಖರದವರೆಗೆ ಆ ಮೂಲೆಗಳು ಏರಿಹೋಗುವುದನ್ನು ಕಂಡ ಮಕ್ಕಳು ಮೊದಲು ತಬ್ಬಿಬ್ಬಾಗುತ್ತಾರೆ. ಅದರ ಗುಟ್ಟು ಎಷ್ಟು ಸರಳ! ಒಂದು ವೃತ್ತವನ್ನು 24 ಸಮಭಾಗಗಳಾಗಿ ವಿಭಾಗಿಸಿ ಪ್ರತಿ ಆರನೆಯ ಬಿಂದುವನ್ನು ಸೇರಿಸುತ್ತ ಹೋದರೆ ಒಂದು ಚೌಕವಾಗುತ್ತದೆ. ಅದೇ ಚೌಕವನ್ನು ಕೇಂದ್ರದ ಸುತ್ತ 15 ಅಂಶಗಳಷ್ಟು ತಿರುಗಿಸುತ್ತ ಆರು ಚೌಕಗಳನ್ನು ಎಳೆದರೆ ಗುಡಿಯ ತಳವಿನ್ಯಾಸ ಸಿದ್ಧವಾಗುತ್ತದೆ, ಪ್ರತಿಯೊಂದು ಹೊರಮೂಲೆಯೂ ಲಂಬಕೋನವಾಗಿಯೇ ಉಳಿಯುತ್ತದೆ. ಆವರಣದ ಹೊರಗಿನ ಬಯಲಿನಲ್ಲಿ ಒಂದು ಗೂಟ, ಒಂದು ಹಗ್ಗ, ಒಂದಿಷ್ಟು ರಂಗೋಲಿ ಪುಡಿ ಇಟ್ಟುಕೊಂಡು ಇದನ್ನು ಮಾಡಿಸಿರಿ. ಮಾಡಿದ ಮೇಲೆ ಗುಡಿಯನ್ನು ಸುತ್ತಿಸಿ ಮೂಲೆಗಳನ್ನು ಎಣಿಸಲು ಹೇಳಿರಿ. ಮಂಟಪ ಬಂದು ಕೂಡುವ ಕಡೆಯಲ್ಲಿ ಕೆಲವು ಮೂಲೆಗಳು ಮರೆಯಾಗಿರುವುದರಿಂದ ಲೆಕ್ಕ ಕಡಮೆ ಬರುತ್ತದೆ. ಮರೆಯಾದವು ಎಷ್ಟಿರಬೇಕೆಂದು ಅವರೇ ವಾದಿಸಲಿ. ಕಾಂಪಾಸು ಪೆಟ್ಟಿಗೆಯನ್ನು ಕಂಡರೆ ಮುಖ ಹುಳ್ಳಗೆ ಮಾಡುವ ಹುಡುಗಿಯೊಬ್ಬಳು ಹೀಗೊಂದು ಮಧ್ಯಾಹ್ನ ಹಗ್ಗದ ತುದಿಯನ್ನು ಯಾರಿಗೂ ಬಿಟ್ಟುಕೊಡದೆ ಬಿಸಿಲಿನಲ್ಲಿ ಸುತ್ತುತ್ತಿದ್ದುದನ್ನು ನಾನು ಕಂಡು ಸಂತೋಷಪಟ್ಟಿದ್ದೇನೆ. ಇದೇ ಡಂಬಳದಲ್ಲಿ 11ನೆಯ ಶತಮಾನದ ಕೊನೆಯಲ್ಲಿ ತಾರಾದೇವಿಯ ಬೌದ್ಧವಿಹಾರವೊಂದು ಇದ್ದುದಕ್ಕೆ ಶಾಸನದ ಸಾಕ್ಷ್ಯವಿದೆಯೆಂಬುದನ್ನು ಇತಿಹಾಸದವರು ಸೇರಿಸಬಹುದು.

ಹೆದ್ದಾರಿಗೆ ಮರಳಿ ಕೊಪ್ಪಳದ ಕಡೆಗೆ ಸಾಗಿ, ಬನ್ನಿಕೊಪ್ಪದಲ್ಲಿ ಎಡಕ್ಕೆ ತಿರುಗಿದರೆ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವನ ಗುಡಿಯನ್ನು ಅಲ್ಲಿನ ಶಾಸನ ‘ದೇವಾಲಯಚಕ್ರವರ್ತಿ’ಯೆಂದು ಕರೆದಿದೆ. ಶಾಸನಕಾರರು ಧಣಿಯನ್ನು ಹೊಗಳುವುದು ಸಾಮಾನ್ಯ. ಈ ಒಂದು ಹೊಗಳಿಕೆಗೆ ಮಾತ್ರ ನನ್ನ ತಕರಾರಿಲ್ಲ. ಸಮೀಪದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳ ಗುಂಪಿದೆ. ಎರಡನ್ನೂ ಒಂದೇ ದಿನ ನೋಡಿದ ಮಗು ಮುನ್ನೂರು ವರ್ಷಗಳಲ್ಲಿ ಉಳಿಯ ಕೈವಾಡ ಎಷ್ಟು ಬದಲಾಯಿತೆಂಬುದನ್ನು ತಾನಾಗಿಯೇ ಕಂಡುಕೊಳ್ಳುತ್ತದೆ.

ಕೊಪ್ಪಳದಲ್ಲಿ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಗವಿಮಠಕ್ಕೆ ಜಾತ್ರೆಯ ದೆಸೆಯಿಂದ ಜನ ಬರುತ್ತಾರೆ. ಪಾಲ್ಕಿಗುಂಡಿಗೆ ಬರುವವರು ವಿರಳ. ಎರಡು ಹೆಬ್ಬಂಡೆಗಳ ಮೇಲೆ ಅಡ್ಡಲಾಗಿ ನಿಂತ ಚಪ್ಪಡಿ, ಅದರ ಆಸರೆಯಲ್ಲಿ ಬ್ರಾಹ್ಮೀ ಅಕ್ಷರಗಳು. ಪಾಟಲೀಪುತ್ರದ ಅರಸನ ಮಾತು ನಮ್ಮ ಜೋಳದ ಹೊಲಗಳ ಮೇಲಣ ಬಂಡೆಯವರೆಗೆ ಬಂದಿತ್ತೆಂಬ ಸಂಗತಿಯನ್ನು ಅಲ್ಲಿ ನಿಲ್ಲದೆ ಯಾರಿಗೂ ಮನಗಾಣಿಸಲಾಗದು. ಪ್ರೌಢಶಾಲೆಯ ದೊಡ್ಡ ಮಕ್ಕಳಿದ್ದರೆ, ಗಂಗಾವತಿಯ ಹಾದಿಯಲ್ಲಿ ಹಿರೇಬೆಣಕಲ್ಲಿನ ಬೆಟ್ಟವನ್ನೂ ಹತ್ತಿಸಬಹುದು. ಊರವರು ಮೋರ್ಯರ ಮನೆಗಳೆಂದು ಕರೆಯುವ ಬೃಹತ್ ಶಿಲಾಸಮಾಧಿಗಳು ಅಲ್ಲಿ ನಾನೂರರಷ್ಟಿವೆ, ಕ್ರಿಸ್ತಪೂರ್ವದವು. ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಮುಚ್ಚಿ, ಕೆಲವಕ್ಕೆ ಮುಂದುಗಡೆ ದುಂಡಗಿನ ಕಂಡಿ ಕೊರೆದಿದ್ದಾರೆ. ಮೆಡೋಸ್ ಟೇಲರನು 1835ರಲ್ಲಿ ಇದನ್ನು ವರದಿ ಮಾಡಿದನು. 2021ರಲ್ಲಿ ಇದು ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಯನ್ನು ಸೇರಿತು. ಏರುದಾರಿ ಕಲ್ಲುಮುಳ್ಳಿನದು, ನೆರಳು ಕಡಮೆ. ದಾರಿ ಬಲ್ಲ ಊರಿನವನೊಬ್ಬನಿಲ್ಲದೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದು, ಸಣ್ಣವರನ್ನಂತೂ ಕೂಡದು.

ಈಗ ತಮ್ಮ ಆಕ್ಷೇಪಗಳಿಗೆ ಬರುತ್ತೇನೆ. ಪಾಲಕರು ಹಂಪಿ ಮೈಸೂರುಗಳ ಹೆಸರು ಕೇಳಿ ಹಣ ಕೊಡುತ್ತಾರೆ, ಡಂಬಳದ ಹೆಸರಿಗೆ ಕೊಡುವುದಿಲ್ಲವೆಂದು ಹಲವರು ನನ್ನೊಡನೆ ಹೇಳಿದ್ದಾರೆ. ಮಾತು ಸುಳ್ಳಲ್ಲ. ಆದರೆ ಈ ಊರುಗಳನ್ನು ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮರಳುವಂತೆ ನೋಡಬಹುದಾದುದರಿಂದ ವಸತಿಯ ವೆಚ್ಚ ಉಳಿಯುತ್ತದೆ. ಹಣ ಹೊಂದಿಸಲಾರದೆ ಪ್ರತಿ ವರ್ಷವೂ ಹಿಂದುಳಿಯುವ ನಾಲ್ಕಾರು ಮಕ್ಕಳೂ, ಪ್ರವಾಸದ ದಿನ ‘ಜ್ವರ ಬಂದಿದೆ’ ಎಂದು ಹೇಳಿಕಳುಹಿಸುವ ಆ ಮಕ್ಕಳೂ ಬಸ್ಸು ಹತ್ತುತ್ತಾರೆ. ಈ ಒಂದು ಕಾರಣವನ್ನು ಪಾಲಕರ ಸಭೆಯಲ್ಲಿ ಮುಂದಿಟ್ಟು ನೋಡಿರಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು: ಪ್ರಸಿದ್ಧವಲ್ಲದ ಊರುಗಳಲ್ಲಿ ಶೌಚಾಲಯವಿಲ್ಲ, ಕುಡಿಯುವ ನೀರಿನ ಭರವಸೆಯಿಲ್ಲ, ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ? ಈ ಚಿಂತೆಯನ್ನು ಯಾರೂ ಹಗುರವಾಗಿ ಕಾಣಬಾರದು. ನನಗೆ ತೋರುವ ಉಪಾಯವೊಂದೇ: ಹೋಗುವ ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ಒಂದು ಕಾಗದ ಬರೆಯಿರಿ. ನಾವು ಇಷ್ಟು ಮಂದಿ ಇಂಥ ದಿನ ಬರುತ್ತೇವೆ, ತಮ್ಮ ಶಾಲೆಯ ಶೌಚಾಲಯವನ್ನೂ ಊಟಕ್ಕೆ ಕೂರಲು ಜಗಲಿಯನ್ನೂ ಒದಗಿಸಿಕೊಡಬೇಕು, ತಮ್ಮ ಏಳನೆಯ ತರಗತಿಯ ಮಕ್ಕಳು ನಮಗೆ ಊರನ್ನು ತೋರಿಸಬೇಕು ಎಂದು ಕೇಳಿರಿ. ನಮ್ಮ ಕಡೆಯ ಶಾಲೆಗಳು ಇಂಥ ಕಾಗದಕ್ಕೆ ಇಲ್ಲವೆನ್ನುವುದನ್ನು ನಾನು ಕೇಳಿಲ್ಲ. ತಮ್ಮೂರಿನ ಗುಡಿಯನ್ನು ಎಂದೂ ತಲೆಯೆತ್ತಿ ನೋಡದ ಹುಡುಗನು ಪರವೂರಿನವರಿಗೆ ತೋರಿಸಬೇಕಾದಾಗ ಹಿಂದಿನ ದಿನವೇ ಹೋಗಿ ಕಂಬಗಳನ್ನು ಎಣಿಸಿಕೊಂಡು ಬರುತ್ತಾನೆ. ಮೊದಲೇ ತಿಳಿಸಿದರೆ ಊರಿನ ತಾಯಂದಿರ ಸಂಘದವರು ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನು ಸಿದ್ಧಪಡಿಸಿ ಕೊಡುವುದೂ ಉಂಟು. ನ್ಯಾಯವಾದ ಬೆಲೆಯನ್ನು ಕೊಟ್ಟು ಉಣ್ಣಿರಿ, ಚೌಕಾಸಿಯನ್ನು ಬಸ್ಸಿನವನಿಗೆ ಮೀಸಲಿಡಿರಿ.

ನಾಲ್ಕು ಬಸ್ಸುಗಳನ್ನು ಒಟ್ಟಿಗೆ ತರಬೇಡಿರೆಂದು ಕೈಮುಗಿದು ಕೇಳುತ್ತೇನೆ. ಈ ಊರುಗಳ ಓಣಿಗಳು ಅಗಲವಿಲ್ಲ, ಬಾವಿಗಳಿಗೆ ಕಟಕಟೆಯಿಲ್ಲ. ಹಂಪಿ ಸಹಿಸಿಕೊಂಡ ತುಳಿತವನ್ನು ಲಕ್ಕುಂಡಿ ಸಹಿಸಲಾರದು. ದಿನಕ್ಕೆ ಎರಡು ಸ್ಥಳ ಸಾಕು, ಮೂರಾದರೆ ಅತಿಯಾಯಿತು. ಪ್ರತಿ ಮಗುವಿನ ಕೈಯಲ್ಲಿ ಒಂದು ಹಾಳೆ, ಒಂದು ಪೆನ್ಸಿಲು ಇರಲಿ; ಯಾವುದಾದರೂ ಒಂದು ಶಿಲ್ಪದ ಮುಂದೆ ಅರ್ಧ ಗಂಟೆ ಕುಳಿತು ಅದನ್ನು ಬರೆಯಲಿ, ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತುವ ಹುಡುಗರ ವಿಷಯದಲ್ಲಿ ಮಾತ್ರ ತಾವು ನಿರ್ದಾಕ್ಷಿಣ್ಯರಾಗಿರಬೇಕು.

ದಕ್ಷಿಣದ ಜಿಲ್ಲೆಗಳಿಂದ ಈ ಪತ್ರವನ್ನು ಓದುವವರು ಇದು ನಮ್ಮ ದಾರಿಯಲ್ಲವೆಂದು ಮಡಚಿಡಬಾರದು. ಬೇಲೂರು ಹಳೇಬೀಡುಗಳಿಗೆ ಹೋಗುವವರ ಹತ್ತಿರದಲ್ಲಿಯೇ ದೊಡ್ಡಗದ್ದವಳ್ಳಿ, ಮೊಸಳೆ, ಬೆಳವಾಡಿ, ಕೋರವಂಗಲಗಳಿವೆ. ಜೋಗಕ್ಕೆ ಹೊರಟವರು ಶಿಕಾರಿಪುರದ ಕಡೆಗೆ ಹೊರಳಿದರೆ ಅಲ್ಲಮನ ಬಳ್ಳಿಗಾವೆಯೂ, ಮಯೂರಶರ್ಮನ ಕಥೆಯನ್ನು ಕಂಬದ ಮೇಲೆ ಬರೆಯಿಸಿಟ್ಟ ತಾಳಗುಂದವೂ ಸಿಕ್ಕುತ್ತವೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರ ಗುಡಿಯಿದೆ. ಮುಂದೆ ಸೋಮನಾಥಪುರದವರೆಗೆ ಹೆಸರಾದ ಮಲ್ಲಿತಮ್ಮನೆಂಬ ಶಿಲ್ಪಿ ತನ್ನ ಆರಂಭದ ದಿನಗಳಲ್ಲಿ ಕೆಲಸ ಮಾಡಿದ್ದು ಅಲ್ಲಿ. ತಮ್ಮ ತಮ್ಮ ದಾರಿಯ ಊರುಗಳನ್ನು ತಾವೇ ಗುರುತು ಮಾಡಿಕೊಳ್ಳಬಲ್ಲಿರಿ.

ದಸರೆಯ ರಜೆ ಮುಗಿದೊಡನೆಯೇ ಪ್ರವಾಸದ ದಿನವನ್ನು ಗೊತ್ತುಮಾಡಿ, ಆ ಊರಿನ ಶಾಲೆಗೆ ಕಾಗದ ಬರೆಯುವುದು ಒಳ್ಳೆಯದು. ಜನವರಿಯ ಗವಿಮಠದ ಜಾತ್ರೆಯ ದಿನಗಳಲ್ಲಿ ಕೊಪ್ಪಳದ ರಸ್ತೆಗಳು ಕಿಕ್ಕಿರಿದಿರುವುದರಿಂದ ಆ ವಾರವನ್ನು ಬಿಟ್ಟು ದಿನವನ್ನು ಆರಿಸಿಕೊಳ್ಳಬೇಕಾಗಿ ವಿನಂತಿ. ಲಕ್ಕುಂಡಿಯ ವಸ್ತುಸಂಗ್ರಹಾಲಯದ ಬಿಡುವಿನ ದಿನವನ್ನೂ ಮುಂಚೆಯೇ ವಿಚಾರಿಸಿಕೊಳ್ಳಿರಿ.

ಇತಿ,
ತಮ್ಮ ವಿಶ್ವಾಸಿ,
ಗದಗು ಸೀಮೆಯ ಒಬ್ಬ ನಿವೃತ್ತ ಉಪಾಧ್ಯಾಯ